ಒಂದೇ ತಾನಿನ ಬಟ್ಟೆ

ಗಂಡನಾದವನಿಗೆ ಹೊಟ್ಟೆಕಿಚ್ಚು ಹತ್ತಿದರೆ ಊರು ಅವನಿಗೆ ಒಂದಿಷ್ಟು ಮರ್ಯಾದೆ ಕೊಡುತ್ತದೆ. ಪಾಪ, ಅವನ ಸಂಕಟ ಅವನಿಗೆ ಅನ್ನುತ್ತದೆ. ಬೆರ್ತೊನ ಪಾಲಿಗೆ ಅದೂ ಇರಲಿಲ್ಲ. ಅವನಿಗೆ ಹೊಟ್ಟೆಕಿಚ್ಚು ಬಂದದ್ದು ಎಂಥವನ ಮೇಲೆ ಅಂದರೆ, ಬಾಯಿಬಿಟ್ಟು ಹೇಳಿಕೊಂಡರೆ ಪ್ರಾಸ್ಪೆಕ್ಟ್ ಅವೆನ್ಯೂದ ನಾಯಿಗಳೂ ನಕ್ಕಾವು.

ಅವನು ಎಫ್ರಾಯಿನ್. ಬ್ರಾಂಕ್ಸಿನಲ್ಲಿ ರೈಲು ಹಳಿಯ ಸೇತುವೆಯ ಕೆಳಗೆ ಹೆಂಗಸರ ತಲೆಗೂದಲು ಸಿಂಗರಿಸುವ ಅಂಗಡಿ ಇಟ್ಟವನು. ಬೆರ್ತೊನ ಹೆಂಡತಿ ನಿಲ್ಸಾಳ ಜೊತೆ ಭಾನುವಾರ ಭಾನುವಾರ ಮಧ್ಯಾಹ್ನ ಡಿಸ್ಕೊ ಕುಣಿಯುವವನು. ನೋಡಲು ಚೆಲುವ, ಮಾತು ಬೆಲ್ಲ. ಆದರೆ ಹೆಂಗಸರ ಮೇಲೆ ಅವನಿಗೆ ಆ ಬಗೆಯ ಆಸೆಯೇ ಇಲ್ಲ. ಸಿಟಿ ಬಸ್ಸು ಓಡಿಸುವ ರುಪೆರ್ತೊ ಎಂಬವನ ಜೊತೆ ವರ್ಷಗಳಿಂದ ಅವನ ಸಂಸಾರ. ಬೀದಿಗೆಲ್ಲ ಗೊತ್ತು, ಯಾರೂ ಎತ್ತಿ ಆಡುವುದಿಲ್ಲ. ಕ್ರಿಸ್‌ಮಸ್ಸಿಗೆ ಬಾಳೆಲೆಯಲ್ಲಿ ಕಟ್ಟಿ ಬೇಯಿಸಿದ ಪಸ್ತೇಲೆ ಕಳಿಸುವಾಗ ಇಬ್ಬರಿಗೂ ಸೇರಿಸಿ ಒಂದೇ ತಟ್ಟೆ ಕಳಿಸುತ್ತಾರೆ, ಅಷ್ಟೆ.

"ನೀನು ಪುಣ್ಯ ಮಾಡಿದೀಯ ಕಣೋ," ಎಂದು ಡಾಮಿನೊ ಆಡುವ ಕಟ್ಟೆಯಲ್ಲಿ ಚಾಗೊ ರೇಗಿಸುತ್ತಿದ್ದ. "ನನ್ನ ಹೆಂಡ್ತಿ ಕುಣಿಯೋಕೆ ಹೊರಟಿದ್ರೆ ನಾನು ಕೈಲಿ ದೊಣ್ಣೆ ಹಿಡ್ಕೊಂಡು ಹಿಂದೆ ಹೋಗ್ಬೇಕಿತ್ತು. ನಿನ್ನದು ಬೆಕ್ಕನ್ನ ಸೊಪ್ಪಿನ ತೋಟ ಕಾಯೋಕೆ ಬಿಟ್ಟ ಹಾಗೆ! ಕಾಲು ಚಾಚಿ ನಿದ್ದೆ ಹೊಡಿ."

ಎಲ್ಲರೂ ನಗುತ್ತಿದ್ದರು, ಬೆರ್ತೊನೂ ನಗುತ್ತಿದ್ದ. ನಕ್ಕು ಮನೆಗೆ ಬಂದು ಹೊಲಿಗೆ ಯಂತ್ರದ ಮುಂದೆ ಕುಳಿತರೆ ಹೊಟ್ಟೆಯೊಳಗಿನ ಕೆಂಡ ಹಾಗೇ ಇರುತ್ತಿತ್ತು.

ಅವನ ಪೂರ್ತಿ ಹೆಸರು ಎರಿಬೆರ್ತೊ. ಮ್ಯಾನ್‌ಹ್ಯಾಟನ್ನಿನ ಒಂದು ಕೋಟು ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಕೆಲಸ. ಪೋರ್ತೊರಿಕೊದಲ್ಲಿ ಅವನ ಅಪ್ಪನೂ ದರ್ಜಿ, ಅಜ್ಜನೂ ದರ್ಜಿ. ಕೈ ಬಂಗಾರ, ಕಾಲು ಮಾತ್ರ ಕಟ್ಟಿಗೆ. ಅವನ ಜನರಲ್ಲಿ ತೊಟ್ಟಿಲು ಬಿಟ್ಟ ಮಗುವೂ ತಾಳಕ್ಕೆ ಸೊಂಟ ಆಡಿಸುತ್ತದೆ. ಇವನು ತನ್ನ ಮದುವೆಯ ದಿನ ನಿಲ್ಸಾಳ ಕಾಲು ತುಳಿದು ಹೆಬ್ಬೆರಳಿನ ಉಗುರು ಕಪ್ಪಾಗಿಸಿದ್ದ. ನೆಂಟರು ಆ ಕಥೆಯನ್ನು ಇನ್ನೂ ಬಿಟ್ಟಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಬೆರ್ತೊ ಹಾಡೇ ಡೊಂಕು ಅನ್ನುತ್ತಿದ್ದ.

"ಏನಿದು, ಹೊತ್ತು ಮುಳುಗಿದ್ರೆ ಧಬ್ ಧಬ್ ಧಬ್ ಧಬ್! ಮೇಲಿನ ಮನೆಯವರು ಗೋಡೆಗೆ ಮೊಳೆ ಹೊಡೀತಿದಾರೆ ಅನ್ಕೊಂಡೆ. ಹಾಡು ಅಂದ್ರೆ ನಮ್ಮಪ್ಪನ ಕಾಲದ ಬೊಲೆರೊ. ಕೇಳಿದ್ರೆ ಕಣ್ಣಲ್ಲಿ ನೀರು ಬರ್ಬೇಕು," ಎಂದು ಗೊಣಗುತ್ತಿದ್ದ.

"ಅದಕ್ಕೇ ನಂಗೆ ಅದು ಬೇಡ," ಎನ್ನುತ್ತಿದ್ದಳು ನಿಲ್ಸಾ. "ನಿನ್ನ ಬೊಲೆರೊದಲ್ಲಿ ಹಾಡಿಗೊಬ್ರು ಸಾಯ್ತಾರೆ, ಇಲ್ಲಾ ಬಿಟ್ಟು ಹೋಗ್ತಾರೆ. ಇದ್ರಲ್ಲಿ ಯಾರೂ ಸಾಯಲ್ಲ. ಬೆಳಗಿಂದ ಆಸ್ಪತ್ರೆ ಹಾಸಿಗೆ ಬಟ್ಟೆ ಒಗೆದು ಬಂದವಳಿಗೆ ಮನೇಲೂ ಸಾವಿನ ಹಾಡು ಯಾಕೆ ಮಾರಾಯ?"

ಆಸ್ಪತ್ರೆಯ ಒಗೆತದ ಕೋಣೆಯಲ್ಲಿ ಅವಳ ಕೆಲಸ. ಆವಿ, ಬಿಸಿನೀರು, ಕಲೆ. ಸಂಜೆ ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲು ರೆಕಾರ್ಡು ಹಚ್ಚುತ್ತಿದ್ದಳು. ಎದೆಬಡಿತದಂತೆ ಒಂದೇ ಸಮ ಬೀಳುವ ಡ್ರಮ್ಮು, ಅದರ ಮೇಲೆ ತಾಳದ ಚಿಸ್ ಚಿಸ್, ಆಮೇಲೆ ಎಲ್ಲಿಂದಲೋ ಒಟ್ಟಿಗೆ ಎದ್ದು ಬರುವ ಪಿಟೀಲುಗಳು. ಆ ಪಿಟೀಲು ಬರುವ ಜಾಗಕ್ಕೆ ಅವಳ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ರೆಪ್ಪೆಗೆ ಬೆಳ್ಳಿ ಬಣ್ಣ, ನೆಲ ಗುಡಿಸುವಂಥ ಬೆಲ್‌ಬಾಟಮ್, ಮೊಳದೆತ್ತರದ ಅಟ್ಟೆಯ ಶೂ. ದೂರದ ಡಿಸ್ಕೊ ಹಾಲಿನಲ್ಲಿ ಯಾರೋ ಹೊಸ ರೆಕಾರ್ಡು ಹಾಕಿದರಂತೆ ಅಂದರೆ ಎರಡು ರೈಲು ಬದಲಿಸಿ ಹೋಗಿ ಕೇಳಿ ಬರುತ್ತಿದ್ದಳು. ಇಷ್ಟೊಂದು ಪ್ರೀತಿ ಒಂದು ಹಾಡಿನ ಮೇಲೆ ಹೇಗೆ ಬರುತ್ತದೆ ಎಂದು ಬೆರ್ತೊನಿಗೆ ಕೊನೆಗೂ ಅರ್ಥವಾಗಲಿಲ್ಲ. ಅರ್ಥವಾಗದ್ದಕ್ಕೇ ಅವನಿಗೆ ಸಿಟ್ಟು.

ಭಾನುವಾರ ಕುಣಿತದ ಹಾಲಿನಲ್ಲಿ ಗೋಡೆಗೊರಗಿ ನಿಂತು ಅವನು ನೋಡುತ್ತಿದ್ದ. ಎಫ್ರಾಯಿನ್ ಕಿರುಬೆರಳು ಎತ್ತಿದರೆ ಸಾಕು, ನಿಲ್ಸಾ ಬಲಕ್ಕೆ ಸುತ್ತುತ್ತಿದ್ದಳು. ಅಂಗೈ ತಗ್ಗಿಸಿದರೆ ನಿಲ್ಲುತ್ತಿದ್ದಳು. ಮನೆಯಲ್ಲಿ "ಉಪ್ಪು ಕೊಡೇ" ಎಂದು ಮೂರು ಸಲ ಕೂಗಿದರೂ ಕಿವಿಗೆ ಹಾಕಿಕೊಳ್ಳದವಳು ಇವಳೇನಾ ಅನ್ನಿಸುತ್ತಿತ್ತು. ಕುಣಿತ ಮುಗಿದಾಗ ತಲೆ ಹಿಂದಕ್ಕೆಸೆದು ನಗುತ್ತಿದ್ದಳಲ್ಲ, ಆ ನಗು ಮನೆಗೆ ಬರುತ್ತಿರಲಿಲ್ಲ. ಹಾಲಿನ ಮೆಟ್ಟಿಲು ಇಳಿಯುವಷ್ಟರಲ್ಲಿ ಅದು ಮುಗಿದು, ರೈಲಿನಲ್ಲಿ ಅವನ ಭುಜಕ್ಕೊರಗಿ ನಿದ್ದೆ ಹೋಗುತ್ತಿದ್ದಳು. ನಗು ಅವನಿಗೆ, ನಿದ್ದೆ ನನಗೆ ಎಂದುಕೊಳ್ಳುತ್ತಿದ್ದ ಬೆರ್ತೊ.

ಬೇರೆ ಗಂಡಸಾಗಿದ್ದರೆ ಒಂದು ದಾರಿ ಇತ್ತು. ಹೋಗಿ ಮೂತಿಗೊಂದು ಬಿಟ್ಟು ಬರಬಹುದಿತ್ತು, ಊರೂ ಒಪ್ಪುತ್ತಿತ್ತು. ಇವನು ಹೆಂಡತಿಯನ್ನು ಕದ್ದವನಲ್ಲ. ಬೆರ್ತೊನ ಹತ್ತಿರ ಎಂದೂ ಇಲ್ಲದಿದ್ದದ್ದನ್ನು ತೆಗೆದುಕೊಂಡವನು. ಇಲ್ಲದ್ದು ಕಳವಾಯಿತೆಂದು ಯಾರ ಹತ್ತಿರ ದೂರು ಕೊಡುವುದು?

ಇದೆಲ್ಲಕ್ಕಿಂತ ಹೆಚ್ಚು ಉರಿಸುತ್ತಿದ್ದದ್ದು ಬಟ್ಟೆಯ ವಿಚಾರ. ಆ ಹಾಲಿನಲ್ಲಿ ಒಂದು ರೂಢಿ. ಜೋಡಿ ಅಂದಮೇಲೆ ಇಬ್ಬರ ಉಡುಪೂ ಒಂದೇ ತಾನಿನಿಂದ ಕತ್ತರಿಸಿದ್ದಾಗಿರಬೇಕು. ಒಂದೇ ಬಣ್ಣವಾದರೆ ಸಾಲದು. ಚಾವಣಿಯ ಕನ್ನಡಿ ಗುಂಡಿನ ಬೆಳಕು ಬಿದ್ದಾಗ ಬೇರೆ ತಾನಿನದು ಬೇರೆಯಾಗಿ ಮಿನುಗಿ ಮಾನ ಕಳೆಯುತ್ತದೆ. ಸ್ಪರ್ಧೆಯ ನಡುವೆ ಇಬ್ಬರಲ್ಲೊಬ್ಬರು ಕೋಟನ್ನೋ ಶಾಲನ್ನೋ ಕಳಚಿದರೆ ಜೋಡಿ ಮುರಿದ ಹಾಗೆ, ಅಲ್ಲಿಗೆ ಆಟ ಮುಗಿಯಿತು. ಹಾಗಾಗಿ ತನ್ನ ಹೆಂಡತಿಗೂ ಅವಳ ಜೊತೆಗಾರನಿಗೂ ಒಂದೇ ತಾನು ಹಾಸಿ, ಗೆರೆ ಎಳೆದು, ಕತ್ತರಿಸಿ ಹೊಲಿದು ಕೊಡುವವನು ಬೆರ್ತೊನೇ. ಮದುವೆಯಾಗಿ ಒಂಬತ್ತು ವರ್ಷವಾದರೂ ಅವನಿಗೂ ನಿಲ್ಸಾಳಿಗೂ ಒಂದೇ ಬಟ್ಟೆಯ ಕರವಸ್ತ್ರ ಕೂಡ ಇರಲಿಲ್ಲ.

ಆ ವರ್ಷದ ಅಕ್ಟೋಬರಿನಲ್ಲಿ ಹಾಲಿನವರು ದೊಡ್ಡ ಸ್ಪರ್ಧೆ ಇಟ್ಟರು. ಗೆದ್ದ ಜೋಡಿಗೆ ಮ್ಯಾನ್‌ಹ್ಯಾಟನ್ನಿನ ದೊಡ್ಡ ಡಿಸ್ಕೊದಲ್ಲಿ ಚಳಿಗಾಲವಿಡೀ ವಾರಕ್ಕೊಮ್ಮೆ ಕುಣಿಯುವ ಅವಕಾಶ. ನಿಲ್ಸಾ ಅವತ್ತಿನಿಂದ ನೆಲದ ಮೇಲೆ ನಡೆಯಲಿಲ್ಲ. ನವಿಲುಗತ್ತಿನ ಬಣ್ಣದ ಸ್ಯಾಟಿನ್ ತಾನೊಂದನ್ನು ಅವಳೇ ಆರಿಸಿ ಹೊತ್ತು ತಂದಳು.

ಕಚ್ಚಾ ಹೊಲಿಗೆ ಹಾಕಿ ಕೋಟು ತೊಡಿಸಿ ನೋಡಲು ಎಫ್ರಾಯಿನ್ ಮನೆಗೆ ಬಂದ. ಕೈಯಲ್ಲಿ ಪೇರಲೆ ಹಣ್ಣಿನ ಸಿಹಿಯ ಪೊಟ್ಟಣ. ಅವನು ಬರಿಗೈಯಲ್ಲಿ ಬಂದದ್ದೇ ಇಲ್ಲ, ಅದೂ ಬೆರ್ತೊನಿಗೆ ಕಿರಿಕಿರಿ.

"ಮೇಸ್ಟ್ರೇ, ಹೊಟ್ಟೆ ಹತ್ರ ಟೇಪು ಹಿಡೀಬೇಡಿ, ದೇವರ ಮೇಲೆ ಭಾರ ಹಾಕಿ ಕತ್ತರಿಸಿ," ಎಂದ ಎಫ್ರಾಯಿನ್. ಕುಶಲ ಕೆಲಸದವರನ್ನು ಅವರ ಜನ ಮೇಸ್ಟ್ರೇ ಎಂದೇ ಕರೆಯುವುದು.

"ಉಸಿರು ಬಿಡು, ಹಿಡ್ಕೊಂಡು ನಿಂತ್ರೆ ಅಳತೆ ತಪ್ಪುತ್ತೆ," ಎಂದ ಬೆರ್ತೊ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು.

"ಬಿಟ್ರೆ ನಿಮ್ಮ ಟೇಪು ಸಾಲಲ್ಲ."

ಕೋಟು ಮೈಗೆ ಹಚ್ಚಿದ ಹಾಗೆ ಕೂತಿತು. ಎಫ್ರಾಯಿನ್ ಎರಡೂ ತೋಳು ಮೇಲೆತ್ತಿ, ಇಳಿಸಿ, ಕನ್ನಡಿ ನೋಡಿ ಕಾಲರನ್ನು ಮೆಲ್ಲಗೆ ಸವರಿದ. ನಿಲ್ಸಾ ರೆಕಾರ್ಡು ಹಚ್ಚಿದಳು. ಊಟದ ಮೇಜಿಗೂ ಫ್ರಿಜ್ಜಿಗೂ ನಡುವೆ ಇದ್ದ ನಾಲ್ಕಡಿ ಜಾಗದಲ್ಲಿ ಇಬ್ಬರೂ ಕುಣಿಯತೊಡಗಿದರು. ಅವನ ಕೈ ಮೇಲೇರಿತು, ಅದರ ಕೆಳಗೆ ಅವಳು ಬುಗುರಿಯಂತೆ ಸುತ್ತಿದಳು, ಒಂದು ಸುತ್ತು, ಎರಡು, ಮೂರು. ಪಕ್ಕದ ಮನೆಯ ಮುದುಕಿ ದೋನ್ಯಾ ಪ್ರೋವಿ ಬಾಗಿಲಲ್ಲಿ ನಿಂತು ಸೌಟಿನಿಂದ ಚೌಕಟ್ಟಿಗೆ ತಾಳ ಹಾಕಿದಳು.

"ಬೆರ್ತೊ, ಸ್ವಲ್ಪ ಆ ಕುರ್ಚಿ ಸರಿಸು," ಎಂದಳು ನಿಲ್ಸಾ, ಸುತ್ತುತ್ತಲೇ.

ಬೆರ್ತೊ ಕುರ್ಚಿ ಸರಿಸಿದ. ಮನೆ ಅವನದು, ಹೆಂಡತಿ ಅವನವಳು, ಕೋಟು ಅವನ ಕೈಯದು. ಇಡೀ ಆಟದಲ್ಲಿ ಅವನಿಗೆ ಸಿಕ್ಕ ಪಾತ್ರ ಕುರ್ಚಿ ಸರಿಸುವುದು.

"ಗೆದ್ರೆ ಚಳಿಗಾಲ ಪೂರ್ತಿ ಮ್ಯಾನ್‌ಹ್ಯಾಟನ್!" ಎಂದು ಏದುಸಿರು ಬಿಡುತ್ತ ನಕ್ಕಳು ನಿಲ್ಸಾ. ಅದೇ ನಗು. ಅವನ ಮನೆಯಲ್ಲೇ, ಅವನ ಕಣ್ಣೆದುರಿಗೇ, ಬೇರೆಯವನ ಕೈ ಹಿಡಿದು.

"ಗೆದ್ದ ಮೇಲೆ ನಮ್ಮನ್ನೆಲ್ಲ ಮರೆತುಬಿಡ್ತೀಯ ಬಿಡಮ್ಮ," ಎಂದಳು ದೋನ್ಯಾ ಪ್ರೋವಿ ತಮಾಷೆಗೆ. ಬೆರ್ತೊನಿಗೆ ಅದು ತಮಾಷೆಯಾಗಿ ಕೇಳಲಿಲ್ಲ. ಹೌದು, ಇವಳು ಗೆದ್ದರೆ ಹೊರಟೇಹೋಗುತ್ತಾಳೆ. ಬಟ್ಟೆಬರೆ ಕಟ್ಟಿಕೊಂಡು ಹೋಗುವುದಿಲ್ಲ, ಮನೆಗೆ ಬರುತ್ತಾಳೆ, ಅನ್ನ ಅವರೆ ಬಡಿಸುತ್ತಾಳೆ, ಪಕ್ಕದಲ್ಲಿ ಮಲಗುತ್ತಾಳೆ. ಆದರೆ ಹೋಗಿಬಿಟ್ಟಿರುತ್ತಾಳೆ. ಅವಳು ಗೆಲ್ಲಬಾರದು. ಆ ಮಾತು ಮನಸ್ಸಿನಲ್ಲಿ ಅಷ್ಟು ಸ್ಪಷ್ಟವಾಗಿ ಎದ್ದು ನಿಂತದ್ದಕ್ಕೆ ಅವನಿಗೇ ನಾಚಿಕೆಯಾಯಿತು. ನಾಚಿಕೆಯಾಯಿತೆಂದು ಮಾತು ಹೋಗಲಿಲ್ಲ.

ಸ್ಪರ್ಧೆಯ ಹಿಂದಿನ ದಿನ, ಶನಿವಾರ, ನಿಲ್ಸಾ ತಲೆ ಸಿಂಗಾರಕ್ಕೆಂದು ಎಫ್ರಾಯಿನನ ಅಂಗಡಿಗೆ ಹೋದಳು. ಬೆರ್ತೊ ಒಬ್ಬನೇ ಕೂತು ಕೋಟಿನ ತೋಳು ಬಿಚ್ಚಿದ.

ದರ್ಜಿಯಲ್ಲದವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ತೋಳು ಸಲೀಸಾಗಿ ಮೇಲೇಳಬೇಕಾದರೆ ಕಂಕುಳ ಕೆಳಗಿನ ಕತ್ತರಿಕೆ ಸಡಿಲವಾಗಿರಬೇಕು ಎಂದು ಜನ ತಿಳಿಯುತ್ತಾರೆ. ಅದು ತಪ್ಪು. ಆ ಕತ್ತರಿಕೆ ಚಿಕ್ಕದಾಗಿ ಕಂಕುಳಿಗೆ ಒತ್ತಿಕೊಂಡಿದ್ದರೆ ತೋಳು ಮಾತ್ರ ಏಳುತ್ತದೆ, ಕೋಟು ಇದ್ದಲ್ಲೇ ಇರುತ್ತದೆ. ಕೆಳಗಿಳಿಸಿ ಅಗಲ ಮಾಡಿದರೆ, ಕೈ ಕೆಳಗಿದ್ದಾಗ ಏನೂ ತಿಳಿಯದು, ಆದರೆ ಎತ್ತಿದ ಕೂಡಲೇ ಇಡೀ ಕೋಟು ತೋಳಿನ ಜೊತೆ ಎದ್ದು ಬರುತ್ತದೆ, ಕೈಯೂ ಅರ್ಧಕ್ಕೇ ಹಿಡಿದುಕೊಳ್ಳುತ್ತದೆ. ಬೆರ್ತೊನ ಅಪ್ಪ ಇದಕ್ಕಾಗಿ ಅವನ ಬೆರಳ ಗಿಣ್ಣಿಗೆ ಗಜಕಡ್ಡಿಯಲ್ಲಿ ಹೊಡೆದು ಕಲಿಸಿದ್ದ. ಯಾವುದನ್ನು ಎಂದೂ ಮಾಡಬಾರದೆಂದು ಕಲಿತಿದ್ದನೋ ಅದನ್ನೇ ಅವನು ಅವತ್ತು ಎರಡು ಬೆರಳಷ್ಟು ಕೆಳಕ್ಕೆ ಕತ್ತರಿಸಿದ. ಒಳಗೆ ಲೈನಿಂಗ್ ಹಾಕಿ ಮುಚ್ಚಿದ, ಇಸ್ತ್ರಿ ಹಾಕಿದ. ಹೊರಗಿನಿಂದ ಅಷ್ಟು ಚಂದದ ಕೋಟು ಅವನು ಹಿಂದೆ ಹೊಲಿದಿರಲಿಲ್ಲ.

"ಕೋಟು ಎಲ್ಲಿ? ಒಮ್ಮೆ ಹಾಕಿ ನೋಡ್ಲಿ ಅವನು," ಎಂದಳು ನಿಲ್ಸಾ ಭಾನುವಾರ ಹೊರಡುವಾಗ.

"ಗುಂಡಿ ಬಾಕಿ ಇದೆ. ನೀನು ಹೋಗಿರು, ನಾನೇ ತರ್ತೀನಿ."

ಅವಳು ಅವನ ಕೆನ್ನೆ ಹಿಂಡಿ ಹೋದಳು.

ಕುಣಿತದ ಹಾಲು ಇದ್ದದ್ದು ಪೀಠೋಪಕರಣದ ಅಂಗಡಿಯೊಂದರ ಮೇಲಿನ ಅಂತಸ್ತಿನಲ್ಲಿ. ಕಿಟಕಿಗಳಿಗೆ ಕಪ್ಪು ಪರದೆ ಎಳೆದು ಮಧ್ಯಾಹ್ನವನ್ನು ರಾತ್ರಿ ಮಾಡಿದ್ದರು. ಅಜ್ಜಿಯರು, ಕೈಗೂಸುಗಳು, ಹೊಸ ಬಟ್ಟೆಯ ಹುಡುಗಿಯರು, ಕರಿದ ಬಾಳೆಕಾಯಿಯ ವಾಸನೆ. ಬೆರ್ತೊ ಬೇಕೆಂದೇ ತಡ ಮಾಡಿ ಬಂದ. ಎಫ್ರಾಯಿನನ ಸರದಿ ಕೂಗುತ್ತಿದ್ದರು.

"ಬಂದ್ರಾ ಮೇಸ್ಟ್ರೇ! ನನ್ನ ಜೀವ ಹೋಗಿ ಬಂತು," ಎಂದು ಎಫ್ರಾಯಿನ್ ಕೋಟು ತೊಟ್ಟು, ಗುಂಡಿ ಹಾಕಿಕೊಳ್ಳುತ್ತಲೇ ಕಣಕ್ಕೆ ಓಡಿದ.

ಬೆಂಚಿನ ಮೇಲೆ ರುಪೆರ್ತೊ ಜಾಗ ಹಿಡಿದಿಟ್ಟಿದ್ದ. ದಪ್ಪ ದೇಹದ ಮೆದು ಮಾತಿನ ಮನುಷ್ಯ. ಬಸ್ಸಿನವರ ಅಂಗಿಯಲ್ಲೇ ಬಂದಿದ್ದ. ಬೆರ್ತೊನ ಕೈಗೆ ತಂಪು ಪಾನೀಯ ಮಾಲ್ಟಾದ ಒಂದು ಬಾಟಲಿ ಕೊಟ್ಟು, "ನೋಡು, ನಮ್ಮ ಜನ ಎಷ್ಟು ಚೆನ್ನಾಗಿ ಕಾಣ್ತಿದಾರೆ," ಎಂದ.

ಬೆರ್ತೊ ತಡೆಯಲಾರದೆ ಕೇಳಿದ. "ನಿಂಗೆ ಏನೂ ಅನ್ಸಲ್ವಾ? ವಾರಗಟ್ಟಲೆ ಅವಳ ಜೊತೆನೇ ಇರ್ತಾನೆ."

"ಅನ್ಸುತ್ತಪ್ಪ. ವಾರ ಪೂರ್ತಿ ಬಸ್ಸಲ್ಲಿ ಜನರ ಬೈಗುಳ ತಿಂದು ಬರ್ತೀನಿ. ಅವನು ಕುಣಿಯೋದು ನೋಡಿದ್ರೆ ನನ್ನ ಕಾಲು ನೋವು ಇಳಿಯುತ್ತೆ."

ಹಾಡು ಶುರುವಾಯಿತು. ಮೊದಲ ಹೆಜ್ಜೆಗಳೆಲ್ಲ ತಗ್ಗಿನವು, ಪಕ್ಕಕ್ಕೆ ಸರಿಯುವವು, ಹಿಂದೆ ಮುಂದೆ ತೂಗುವವು. ಕನ್ನಡಿ ಗುಂಡಿನ ಚುಕ್ಕಿಗಳು ಇಬ್ಬರ ಮೇಲೂ ಒಂದೇ ಬಗೆಯಲ್ಲಿ ಹರಿದಾಡಿದವು. ಜನ ಶಿಳ್ಳೆ ಹೊಡೆದರು. ಒಂದು ಗಳಿಗೆ ಬೆರ್ತೊನಿಗೆ, ಕತ್ತರಿಸಿದ್ದೆಲ್ಲ ಕನಸೇನೋ, ಕೋಟು ಸರಿಯಾಗಿಯೇ ಇದೆಯೇನೋ ಅನ್ನಿಸಿತು. ಹಾಗಿರಲಿ ಎಂದು ಅವನ ಕೈಯ ಹೆಮ್ಮೆ ಬೇಡಿತು. ಹೊಟ್ಟೆಯ ಕಿಚ್ಚು ಬೇಡ ಅಂದಿತು.

ಪಿಟೀಲು ಎದ್ದಿತು. ಎಫ್ರಾಯಿನ್ ಬಲಗೈ ಎತ್ತಿದ. ಕೋಟು ಅವನ ಜೊತೆ ಎದ್ದಿತು. ಕಾಲರು ಕಿವಿ ನುಂಗಿತು, ಸೊಂಟದಲ್ಲಿ ಒಳಗಿನ ಅಂಗಿ ಇಣುಕಿತು, ಕೈ ಅರ್ಧಕ್ಕೇ ಸಿಕ್ಕಿಕೊಂಡಿತು. ಸುತ್ತಲು ಹೊರಟ ನಿಲ್ಸಾಳ ಎತ್ತರದ ತಲೆಗಟ್ಟು ಆ ಕೈಗೆ ಬಡಿದು, ತೋಳಿನ ಗುಂಡಿಗೆ ಕೂದಲು ಸಿಕ್ಕಿ, ಎರಡು ಪಿನ್ನು ನೆಲಕ್ಕೆ ಬಿದ್ದವು. ಎಲ್ಲೋ ಒಬ್ಬ ಹುಡುಗಿ ಕಿಸಕ್ಕೆಂದಳು. ನಗುವಿಗೆ ಒಬ್ಬರು ದಾರಿ ತೋರಿಸಿದರೆ ಸಾಕು, ಸಾಲು ಸಾಲು ನಕ್ಕಿತು.

ನಿಲ್ಸಾ ಎಫ್ರಾಯಿನನ ಕಿವಿಯಲ್ಲಿ ಏನೋ ಹೇಳಿದಳು. ಅವನು ಇಲ್ಲವೆಂದು ತಲೆಯಾಡಿಸಿದ. ಮತ್ತೆ ಕೈ ಎತ್ತಿದ, ಮತ್ತೆ ಕೋಟು ಎದ್ದಿತು. ಆಮೇಲೆ ಎತ್ತಲಿಲ್ಲ. ಎತ್ತಬೇಕಾದಲ್ಲೆಲ್ಲ ಸೊಂಟದ ಮಟ್ಟದಲ್ಲೇ ಅವಳನ್ನು ತಿರುಗಿಸುತ್ತ, ಮುಖದ ಮೇಲೆ ನಗು ಅಂಟಿಸಿಕೊಂಡು ಹಾಡು ಮುಗಿಸಿದ. ನಿಲ್ಸಾ ನಗಲಿಲ್ಲ. ಅವಳ ಕಣ್ಣು ಎಫ್ರಾಯಿನನ ಕಂಕುಳ ಮೇಲೆ ನಿಂತಿತ್ತು. ದರ್ಜಿಯ ಹೆಂಡತಿ ಅವಳು. ಹಾಡು ನಿಲ್ಲುವ ಮೊದಲೇ ಅವಳು ಬೆಂಚಿನ ಕಡೆ ತಿರುಗಿ, ಗುಂಪಿನಲ್ಲಿ ಗಂಡನನ್ನು ಹುಡುಕಿ, ಒಂದೇ ಒಂದು ಸಲ ನೋಡಿದಳು.

ಬೆರ್ತೊ ಮಾಲ್ಟಾ ಬಾಟಲಿ ನೋಡುತ್ತ ಕುಳಿತ. ತಾನು ಬೇಡಿದ್ದೇ ಆಯಿತು. ಸಂತೋಷ ಎಲ್ಲಿಂದಾದರೂ ಬಂದೀತೆಂದು ಕಾದ, ಬರಲಿಲ್ಲ.

ಗೆದ್ದದ್ದು ಹಂಟ್ಸ್ ಪಾಯಿಂಟಿನ ಒಂದು ಜೋಡಿ. ಎಫ್ರಾಯಿನ್ ಅವರಿಗೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿ, ಬೆವರೊರೆಸಿಕೊಳ್ಳುತ್ತ ಬೆರ್ತೊನ ಹತ್ತಿರ ಬಂದ.

"ಮೇಸ್ಟ್ರೇ, ಕ್ಷಮಿಸಿ. ನಿಮ್ಮ ಕೋಟಿನ ಮರ್ಯಾದೆ ಕಳೆದೆ. ಎರಡು ವಾರದಲ್ಲಿ ಹೀಗೆ ಊದಿಬಿಟ್ಟಿದೀನಲ್ಲ! ಆ ಪೇರಲೆ ಸಿಹಿ ಇನ್ನು ಮುಟ್ಟಲ್ಲ."

ಬೆರ್ತೊ ಬಾಟಲಿಯನ್ನು ಬೆಂಚಿನ ಕೆಳಗಿಟ್ಟ.

"ನಿಲ್ಸಾ ಏನಂದ್ಲು ಗೊತ್ತಾ? ತೆಗೆದು ಎಸಿ, ಸೋತ್ರೆ ಸೋಲೋಣ, ಮನಸ್ಸು ತುಂಬ ಕುಣಿಯೋಣ ಅಂದ್ಲು. ಹೆಂಗೆ ಎಸೀಲಿ? ನನ್ನ ಮೈ ಅಳತೆ ತಗೊಂಡು ನಮ್ಮಪ್ಪ ಕೂಡ ಒಂದು ಚಡ್ಡಿ ಹೊಲಿಸ್ಲಿಲ್ಲ. ಮೇಸ್ಟ್ರ ಕೈ ಕೆಲಸನ ನೂರು ಜನರ ಮುಂದೆ ನೆಲಕ್ಕೆ ಹಾಕ್ಲಾ?"

ಅಷ್ಟು ಹೇಳಿ ಕೋಟು ಕಳಚಿ, ಎರಡು ಮಡಿಕೆ ಮಾಡಿ, ಮಗುವನ್ನು ಕೊಡುವಂತೆ ಬೆರ್ತೊನ ಕೈಗೆ ಕೊಟ್ಟ. "ಸ್ವಲ್ಪ ಸಡಿಲ ಮಾಡಿಕೊಡಿ," ಎಂದ.

ರೈಲಿನಲ್ಲಿ ನಿಲ್ಸಾ ಎದುರಿನ ಸಾಲಿನಲ್ಲಿ ಕುಳಿತಳು. ನಿದ್ದೆ ಮಾಡಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಕೋಟನ್ನು ಗಂಡನ ಕೈಯಿಂದ ತೆಗೆದು ಅವನ ಎದೆಗೆ ಒತ್ತಿದಳು.

"ಹಾಕ್ಕೊ."

"ನಿಲ್ಸಾ..."

"ಹಾಕ್ಕೊ ಅಂದೆ."

ಹಾಕಿಕೊಂಡ. ಅವನಿಗೆ ಅದು ದೊಡ್ಡದು.

"ಕೈ ಎತ್ತು."

ಎತ್ತಿದ. ಸ್ಯಾಟಿನ್ ಸರ್ರನೆ ಎದ್ದು ಅವನ ಗಲ್ಲಕ್ಕೆ ಬಂತು. ಅವಳು ಅವನ ಕಂಕುಳಲ್ಲಿ ಎರಡು ಬೆರಳು ತೂರಿಸಿ ಹೊಲಿಗೆಯ ಗುಂಟ ಎಳೆದಳು.

"ಎಲ್ಲಿ ಕತ್ತರಿಸಿದ್ರೆ ಯಾವ ಸುತ್ತಲ್ಲಿ ಹಿಡಿಯುತ್ತೆ ಅಂತ ಗೊತ್ತಾಗ್ಬೇಕಾದ್ರೆ ನಮ್ಮ ಒಂದೊಂದು ಹೆಜ್ಜೆನೂ ನೋಡಿದೀಯ ನೀನು," ಎಂದಳು. ದನಿ ಏರಿರಲಿಲ್ಲ. "ಗೋಡೆಗೊರಗಿ ನಿಂತು ಬೇಜಾರು ಮಾಡ್ಕೋತಿದಾನೆ, ಪಾಪ, ನನಗೋಸ್ಕರ ಬರ್ತಾನೆ ಅನ್ಕೊಂಡಿದ್ದೆ. ಇಷ್ಟೊಂದು ನೋಡಿದ್ದು ಇದಕ್ಕಾ?"

"ಅವನ ಜೊತೆ ನಗೋ ಹಾಗೆ ನನ್ನ ಜೊತೆ ಒಂದಿನ ನಕ್ಕಿದೀಯಾ?" ಬೆರ್ತೊನ ಬಾಯಿಂದ ಕೊನೆಗೂ ಬಂತು. "ಒಂಬತ್ತು ವರ್ಷ! ಒಂದಿನ?"

"ಅವನ ಜೊತೆ ಯಾರು ನಕ್ರು? ನಾನು ಹಾಡಿಗೆ ನಕ್ಕೆ. ನಿನ್ನ ಕೈಯ ಬಟ್ಟೆ ಮೈಮೇಲೆ ಹಾಕ್ಕೊಂಡು ನಕ್ಕೆ. ಸುತ್ತುವಾಗ ಲಂಗ ಹೂವಿನ ಥರ ಅರಳುತ್ತಲ್ಲ, ಅದು ನಿನ್ನ ಕೈ ಅಂತ ಗೊತ್ತಿತ್ತು ನಂಗೆ. ಅಲ್ಲಿ ಕುಣೀತಿದ್ದೋರು ಇಬ್ರು ಅಂತ ಯಾರು ಹೇಳಿದ್ರು ನಿಂಗೆ? ಮೂವರಿದ್ವಿ."

ಬೆರ್ತೊ ಕೋಟಿನೊಳಗೆ ನಿಂತೇ ಇದ್ದ.

ಆ ವಾರ ಮನೆಯಲ್ಲಿ ರೆಕಾರ್ಡು ಮೊದಲಿನಂತೆಯೇ ಹಾಡಿತು. ನಿಲ್ಸಾ ಅಡುಗೆ ಮಾಡಿದಳು, ಬಡಿಸಿದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಉಪ್ಪು ಒಂದೇ ಸಲ ಕೇಳಿದರೆ ಕೊಟ್ಟಳು. ಬೆರ್ತೊನಿಗೆ ಅದರಿಂದಲೇ ಹೆಚ್ಚು ಹೆದರಿಕೆಯಾಯಿತು. ಅವನು ಕೋಟಿನ ತೋಳು ಬಿಚ್ಚಿ, ಉಳಿದ ತಾನಿನಲ್ಲಿ ಹೊಸ ಮಗ್ಗುಲ ತುಂಡು ಕತ್ತರಿಸಿ, ಅಪ್ಪ ಕಲಿಸಿದ ಹಾಗೆ ಹೊಲಿದು ಅವಳಿಗೆ ಕಾಣುವಂತೆ ಬಾಗಿಲಿನ ಮೊಳೆಗೆ ನೇತುಹಾಕಿದ. ಅವಳು ಅದರ ಪಕ್ಕದಲ್ಲೇ ದಿನಾ ಹೋಗಿ ಬಂದಳು.

ಭಾನುವಾರ ಮಧ್ಯಾಹ್ನ ಅವಳು ಕೋಣೆಯಿಂದ ಹೊರಬಂದದ್ದು ಅಂಗಡಿಯಲ್ಲಿ ಕೊಂಡ ಉಡುಪಿನಲ್ಲಿ. ಕಿತ್ತಳೆ ಬಣ್ಣದ ಪಾಲಿಯೆಸ್ಟರು. ಭುಜ ಅಗಲ, ಸೊಂಟ ಸಡಿಲ, ಲಂಗದ ಅಂಚು ಎಡಕ್ಕೆ ಇಳಿಬಿದ್ದಿತ್ತು. ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ಹೊಲಿಯುವ ಮಾಲು. ಮದುವೆಯಾದಂದಿನಿಂದ ಅವಳ ಮೈಮೇಲೆ ಬೇರೆ ಕೈಯ ಹೊಲಿಗೆ ಬೆರ್ತೊ ಕಂಡಿರಲಿಲ್ಲ. ಯಾರೋ ಅಪರಿಚಿತ ತನ್ನ ಹೆಂಡತಿಯ ಸೊಂಟದ ಮೇಲೆ ಕೈಯಿಟ್ಟ ಹಾಗಾಯಿತು ಅವನಿಗೆ. ಎಫ್ರಾಯಿನ್ ಅವಳನ್ನು ಹಿಡಿದು ಕುಣಿದ ಯಾವ ಭಾನುವಾರವೂ ಇಷ್ಟು ಉರಿದಿರಲಿಲ್ಲ.

"ಅಂಚು ಡೊಂಕಾಗಿದೆ," ಎಂದ. "ಎರಡೇ ನಿಮಿಷ. ನಿಂತಿರು, ಹಾಗೇ ಎತ್ತಿ ಹೊಲಿದುಬಿಡ್ತೀನಿ." ಸೂಜಿಗೆ ದಾರ ಪೋಣಿಸಿ ಅವಳ ಕಾಲ ಬಳಿ ಮಂಡಿಯೂರಿದ.

ನಿಲ್ಸಾ ಲಂಗವನ್ನು ಅವನ ಕೈಯಿಂದ ಬಿಡಿಸಿಕೊಂಡಳು. "ಇರ್ಲಿ ಬಿಡು."

"ಡೊಂಕಾಗಿ ಹೋಗ್ತೀಯಾ?"

"ಹೋಗ್ತೀನಿ."

ಕೆಳಗೆ ಬೀದಿಯಿಂದ ಶಿಳ್ಳೆ ಕೇಳಿತು. ಎಫ್ರಾಯಿನ್ ಬಂದಿದ್ದ. ಬೆರ್ತೊ ಮಂಡಿಯ ಮೇಲೇ ಕೂತು ಕೇಳಿದ, "ಅವನಿಗೆ ಹೇಳ್ದ್ಯಾ?"

"ಇಲ್ಲ."

"ಯಾಕೆ?"

ಅವಳು ಶೂ ಪಟ್ಟಿ ಬಿಗಿದು, ಕೈಚೀಲ ಹೆಗಲಿಗೆ ಹಾಕಿ, ಬಾಗಿಲು ತೆಗೆದಳು.

"ಹೇಳಿದ್ರೆ ಅವನು ನಕ್ಕು ಕ್ಷಮಿಸಿಬಿಡ್ತಾನೆ. ಇಷ್ಟು ಬೇಗ ನಿನ್ನನ್ನ ಯಾರಾದ್ರೂ ಕ್ಷಮಿಸೋದು ನಂಗೆ ಬೇಕಾಗಿಲ್ಲ."

ಮೆಟ್ಟಿಲಿನ ಮೇಲೆ ಅಟ್ಟೆಯ ಸದ್ದು ಇಳಿಯುತ್ತ ಹೋಯಿತು. ಬೆರ್ತೊ ಎದ್ದು ಕಿಟಕಿಗೆ ಬಂದ. ಕೆಳಗೆ ಎಫ್ರಾಯಿನ್ ಅವಳ ಕಿತ್ತಳೆ ಉಡುಪು ಕಂಡು ಹಣೆ ಚಚ್ಚಿಕೊಂಡ, ಅವಳು ಏನೋ ಅಂದಳು, ಇಬ್ಬರೂ ಜೋರಾಗಿ ನಕ್ಕರು. ಆಮೇಲೆ ಅವನು ತಲೆಯೆತ್ತಿ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ:

"ಮೇಸ್ಟ್ರೇ, ಬನ್ನಿ ಇಳಿದು! ನೀವಿಲ್ದೆ ನಮಗೆ ಹೆಜ್ಜೆ ಬೀಳಲ್ಲ!"

ನಿಲ್ಸಾ ತಲೆಯೆತ್ತಲಿಲ್ಲ. ಡೊಂಕು ಅಂಚಿನ ಲಂಗವನ್ನು ಒಂದು ಕೈಯಲ್ಲಿ ಹಿಡಿದು ರೈಲಿನ ಕಡೆ ನಡೆಯತೊಡಗಿದ್ದಳು.